ಒಂದು ಒಂಬತ್ತು ಎಂಟು

ಮೂವತ್ತೊಂದು ವರ್ಷ ನಾನು
ದೂರು ಕೇಳುವ ಕುರ್ಚಿಯಲ್ಲಿ ಕೂತವಳು.
ಒಂದು ಒಂಬತ್ತು ಎಂಟು ತಿರುಗಿಸಿದರೆ ಸಾಕು,
ಮುಲುಂಡಿನಿಂದ ವಿಕ್ರೋಳಿತನಕ
ಯಾರ ಮನೆಯ ಫೋನು ಸತ್ತರೂ
ಅಳು ನನ್ನ ಕಿವಿಗೆ.
‘ಬರೆದುಕೊಂಡಿದ್ದೇವೆ, ಲೈನ್‌ಮನ್ ಬರ್ತಾನೆ’
ಎಂದು ಮೂರು ಭಾಷೆಯಲ್ಲಿ ಹೇಳಿ
ಒಳಗೊಳಗೇ ಕನ್ನಡದಲ್ಲಿ
‘ಬಂದಾಗ ಬಂದ’ ಎನ್ನುತ್ತಿದ್ದೆ.

ಈಗ ಭಾಂಡುಪದ ಎರಡನೇ ಮಹಡಿ.
ಫ್ರಿಜ್ಜಿಗೂ ಗ್ಯಾಲರಿಗೂ ನಡುವೆ
ಒಂದು ಹಳೇ ಕಂಪ್ಯೂಟರು,
ಹೊಟ್ಟೆಯಲ್ಲಿ ಇಡೀ ಸೊಸೈಟಿಯ ಲೆಕ್ಕ.
ಮೂರು ವಾರದಿಂದ ಒಂದೇ ಮಾತು ಅದರದು:
‘ಅಪ್‌ಡೇಟ್ ಸೇವೆಯನ್ನು ಸಂಪರ್ಕಿಸಲಾಗುತ್ತಿಲ್ಲ.
ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.’
ಅಯ್ಯೋ ಮಾರಾಯ್ತಿ,
ಅದು ನನ್ನ ಮಾತು,
ನನಗೇ ಹೇಳುತ್ತೀಯಲ್ಲ!

ಬಿಟ್ಟೆ, ಸ್ವಲ್ಪ ಹೊತ್ತು. ಕುಕ್ಕರು ಇಳಿಸಿದೆ.
ಮತ್ತೆ ಒತ್ತಿದೆ. ಅದೇ.
ರೌಟರಿನ ಹಸಿರು ಕಣ್ಣು ಸರಿಯಾಗೇ ಮಿಟುಕುತ್ತಿತ್ತು.
ತಂತಿ ಕಿತ್ತು ಊದಿ ಮತ್ತೆ ಚುಚ್ಚಿದೆ,
ಪ್ರಿಂಟರು ಬಿಡಿಸಿದೆ, ಪೆನ್‌ಡ್ರೈವ್ ತೆಗೆದೆ.
ಜಾಗ ಸಾಲದೇನೋ ಎಂದು
ನಾದಿನಿ ಕಳಿಸಿದ ನಾನೂರು ಶುಭೋದಯಗಳನ್ನು ಅಳಿಸಿದೆ
(ಅದಕ್ಕೆ ಪಶ್ಚಾತ್ತಾಪವಿಲ್ಲ).
ಕಂಪ್ಯೂಟರು ತನ್ನನ್ನೇ ತಾನು ಪರೀಕ್ಷಿಸಿಕೊಂಡು
‘ಯಾವ ದೋಷವೂ ಕಾಣಲಿಲ್ಲ’ ಎಂದಿತು.
ನಮ್ಮ ಜೂನಿಯರ್ ಇಂಜಿನಿಯರನೂ
ಹೀಗೇ ಬರೆದು ಮನೆಗೆ ಹೋಗುತ್ತಿದ್ದ.

ದೋಷ ಕಂಡದ್ದು ಮುನ್ನೂರ ನಾಲ್ಕರ ತಾವಡೆಗೆ.
ಬಿಲ್ಲು ಹಿಡಿದು ಬಾಗಿಲಲ್ಲೇ ನಿಂತರು.
‘ವಹಿನಿ, ಇದು ನಾನು ಕಟ್ಟುವುದಿಲ್ಲ.
ಫ್ಲ್ಯಾಟು ಕೊಂಡದ್ದು ಹದಿನಾಲ್ಕರಲ್ಲಿ.
ಬಿಲ್ಲಿನ ತಾರೀಕು ನೋಡಿ.’
ನೋಡಿದೆ:
ಲಿಫ್ಟ್ ರಿಪೇರಿ, ಹಗ್ಗ, ಗ್ರೀಸು, ಮಜೂರಿ,
ಒಂದು ಜನವರಿ ಎರಡು ಸಾವಿರದ ಒಂಬತ್ತು.
ಆಗ ಈ ಕಟ್ಟಡಕ್ಕೆ
ಲಿಫ್ಟೇ ಇರಲಿಲ್ಲ.

ಶುಕ್ರವಾರ ಶುಕ್ರವಾರ ಕರೆಂಟು ಹೋಗುತ್ತದೆ.
ಶನಿವಾರ ಬೆಳಿಗ್ಗೆ ಕಪ್ಪು ಪರದೆಯ ಮೇಲೆ
ಬಿಳಿ ಅಕ್ಷರದಲ್ಲಿ ಏನೋ ಬರುತ್ತಿತ್ತು,
ಎಫ್ ಒಂದು ಒತ್ತಿ, ಮುಂದುವರಿಯಿರಿ.
ಓದದೆ ಒತ್ತುತ್ತಿದ್ದೆ.
ಅದೂ ನನಗೆ ದೂರು ಕೊಡುತ್ತಲೇ ಇತ್ತು, ವಾರ ವಾರ.
ಬಂದಾಗ ಬಂದ.

ಎಲ್ಲಿಂದಲೋ ಬರುವ ಹೊಸತು
ಬಾಗಿಲು ತಟ್ಟಿ ಗುರುತಿನ ಚೀಟಿ ತೋರಿಸುತ್ತದೆ.
ಇದು ಗೋಡೆಯ ಕ್ಯಾಲೆಂಡರು ನೋಡಿ
‘ಈ ಚೀಟಿ ಇನ್ನೂ ಹುಟ್ಟೇ ಇಲ್ಲ, ನೀನು ಕಳ್ಳ’
ಎಂದು ಚಿಲಕ ಹಾಕುತ್ತದೆ.
ತಪ್ಪೇನು ಹೇಳಿ, ಅದರ ಲೆಕ್ಕದಲ್ಲಿ ಅದು ಸರಿ.
ಅದರ ಲೆಕ್ಕದಲ್ಲಿ ನಾನಿನ್ನೂ ಡ್ಯೂಟಿಯಲ್ಲಿದ್ದೇನೆ,
ಕೂದಲ ಮೇಲೆ ಹೆಡ್‌ಫೋನಿನ ಗೆರೆ.

ಡಬ್ಬಿ ಬಿಚ್ಚಿದೆ. ಧೂಳು, ಜೇಡನ ಒಂದು ಕಾಲು,
ಮೂಲೆಯಲ್ಲಿ ನಾಕಾಣೆಯಷ್ಟು ಅಗಲದ ಬಿಲ್ಲೆ.
ಉಗುರಲ್ಲಿ ಎಬ್ಬಿಸಿ, ಪರ್ಸಿನಲ್ಲಿಟ್ಟು,
ಸ್ಟೇಷನ್ನಿನ ಸೇತುವೆಯಡಿ ಗಡಿಯಾರದ ಇಂದುಲ್ಕರ್ ಹತ್ತಿರ ಹೋದೆ.
ಕಣ್ಣಿಗೆ ಗಾಜು ಸಿಕ್ಕಿಸಿ ಮೀಟರಿನ ಮೇಲಿಟ್ಟ.
ಮುಳ್ಳು ಮಿಸುಕಲಿಲ್ಲ.
‘ಇಷ್ಟು ವರ್ಷ ನಡೆಯಿತಲ್ಲ, ಆಣಖೀ ಕಾಯ್?’
ನಲವತ್ತು ರೂಪಾಯಿ. ಚೌಕಾಸಿ ಮಾಡಲಿಲ್ಲ.

ತಾರೀಕು ತಿದ್ದಿದೆ. ಅಪ್‌ಡೇಟ್ ಒತ್ತಿದೆ.
ಒಂಬತ್ತು ಪ್ರತಿಶತ. ಇಪ್ಪತ್ತೆರಡು.
‘ಕಂಪ್ಯೂಟರನ್ನು ಆಫ್ ಮಾಡಬೇಡಿ.’
ನಾನು ಮಾಡಲಿಲ್ಲ, ದೇವರಾಣೆ.
ಅರವತ್ತೊಂದಕ್ಕೆ
ವಿದ್ಯುತ್ ಮಂಡಳಿ ಮಾಡಿತು.
ಆ ದಿನ ಶುಕ್ರವಾರವೂ ಆಗಿರಲಿಲ್ಲ.

ಒಂದೂವರೆ ಗಂಟೆ ಬೀಸಣಿಗೆ ಹಿಡಿದು
ಕಪ್ಪು ಗಾಜಿನಲ್ಲಿ ನನ್ನ ಮುಖ ನೋಡುತ್ತ ಕೂತೆ.
ಕರೆಂಟು ಬಂತು. ಗುಂಡಿ ಒತ್ತಿದೆ.
ಎಫ್ ಒಂದು ಕೇಳಲಿಲ್ಲ.
ಮೂಲೆಯಲ್ಲಿ ಇವತ್ತಿನದೇ ತಾರೀಕು, ಸಂಜೆ ಆರು ಹದಿನೇಳು.
ಅಷ್ಟು ಹೊತ್ತೂ ಕತ್ತಲಲ್ಲಿ
ಆ ಬಿಲ್ಲೆ ಒಂದೇ ಎಣಿಸುತ್ತಿತ್ತು.

ಅಪ್‌ಡೇಟು ಸೊನ್ನೆಯಿಂದ ಶುರುವಾಯಿತು.
ಆಗಲಿ. ರಾತ್ರಿಯಿಡೀ ಇದೆ.
ಹೊಸ ಬಿಲ್ಲು ಮುದ್ರಿಸಿ
ಮುನ್ನೂರ ನಾಲ್ಕರ ಬಾಗಿಲಡಿ ತೂರಿಸಿದ್ದೇನೆ.
ತಾವಡೆ ಇನ್ನೂ ಕಟ್ಟಿಲ್ಲ.